ದುಡಿ ಬಾರಿಸಿದವನು, ದುಡಿದವಳು: ಕೆಲವು ಹಳೆಯ ಚಿತ್ರಗಳ ಮರುನೋಟ

ಮಠದ ಪಾಠಶಾಲೆಗಳಲ್ಲಿ ಓದಿದವರಿಗೆ ‘ಆವೃತ್ತಿ’ ಎಂಬ ಮಾತು ಚೆನ್ನಾಗಿ ಪರಿಚಿತ. ಒಂದು ಗ್ರಂಥವನ್ನು ಒಮ್ಮೆ ಓದಿ ಮುಗಿಸಿದರೆ ಓದು ಮುಗಿಯಿತೆಂದು ಅಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಮೊದಲ ಆವೃತ್ತಿಯಲ್ಲಿ ಕಥೆ ತಿಳಿಯುತ್ತದೆ, ಎರಡನೆಯದರಲ್ಲಿ ಮಾತು ತಿಳಿಯುತ್ತದೆ, ಮೂರನೆಯದರಲ್ಲಿ ಮಾತಿನ ಹಿಂದಿನ ಮೌನ ತಿಳಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಗ್ರಂಥಕ್ಕೆ ಸಲ್ಲುವ ಈ ನಿಯಮ ಚಲನಚಿತ್ರಕ್ಕೂ ಸಲ್ಲುತ್ತದೆಯೇ? ಸಲ್ಲುತ್ತದೆ ಎಂಬುದು ನಮ್ಮ ಅನುಭವ. ಹದಿಹರೆಯದಲ್ಲಿ ನೋಡಿದ ಚಿತ್ರವನ್ನು ಅರವತ್ತು ದಾಟಿದ ಮೇಲೆ ಮತ್ತೆ ನೋಡಿದಾಗ ಚಿತ್ರ ಅದೇ ಇರುತ್ತದೆ, ನಟರೂ ಅವರೇ ಇರುತ್ತಾರೆ. ಆದರೆ ನಮ್ಮ ಕಣ್ಣು ನೆಡುವ ಜಾಗ ಬೇರೆಯಾಗಿರುತ್ತದೆ. ಆಗ ಕಂಡದ್ದು ಸುಳ್ಳೆಂದಲ್ಲ. ಅದರ ಮಗ್ಗುಲಲ್ಲೇ ಇದ್ದ ಇನ್ನೊಂದು ಸತ್ಯ ಈಗ ಕಾಣುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ಪ್ರವಚನದ ನಿಮಿತ್ತ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಸಂಚರಿಸುವ ಅವಕಾಶ ನಮಗೆ ಒದಗಿತು. ನಮ್ಮ ಸಮಾಜದ ಮನೆಗಳು ಅಲ್ಲಿ ಬಹಳವಿಲ್ಲ. ಶಾಲೆ, ಬ್ಯಾಂಕು, ಸರ್ಕಾರಿ ಕಚೇರಿಗಳ ನೌಕರಿಗೆಂದು ಬಯಲುಸೀಮೆಯಿಂದ ಬಂದು ನೆಲೆಸಿದ ಕೆಲವು ಕುಟುಂಬಗಳಿವೆ. ಸಂಜೆಯ ಪೂಜೆ, ಪ್ರಸಾದ ಮುಗಿದ ಮೇಲೆ ಈ ಮನೆಗಳಲ್ಲಿ ಮಕ್ಕಳು ಮೊಮ್ಮಕ್ಕಳೊಡನೆ ಕೂಡಿ ಕೆಲವು ಹಳೆಯ ಚಿತ್ರಗಳನ್ನು ಮತ್ತೆ ನೋಡಿದೆವು. ಆ ನೆಲಕ್ಕೇ ಸೇರಿದ ಚಿತ್ರಗಳನ್ನು ಆ ನೆಲದಲ್ಲೇ ಕುಳಿತು ನೋಡುವುದೊಂದು ವಿಶೇಷ. ಆ ಮರುನೋಟದಲ್ಲಿ ಹೊಳೆದ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಗುಬ್ಬಿಯ ಋಣ

ನಮ್ಮ ತಲೆಮಾರಿನ ಸಿನಿಮಾ ಪ್ರೀತಿಗೆ ಮೂಲ ಯಾವುದೆಂದು ಹುಡುಕುತ್ತ ಹೋದರೆ ದಾರಿ ರಂಗಭೂಮಿಗೆ, ಅದರಲ್ಲಿಯೂ ಗುಬ್ಬಿ ಎಂಬ ಊರಿಗೆ ಹೋಗಿ ಸೇರುತ್ತದೆ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಊರ ದೈವದ ಹೆಸರು ಹೊತ್ತು ನಾಡಿನ ತುಂಬ ತಿರುಗಿತು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರೂ ಉಸಿರೂ ಆದರು. ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ನಟರಲ್ಲಿ ಅನೇಕರು ಆ ಕಂಪನಿಯ ಬಿಡಾರದ ಅನ್ನ ಉಂಡವರೇ.

ಗಾಜನೂರಿನ ಮುತ್ತುರಾಜ್ ಎಂಬ ಹುಡುಗನೂ ತಂದೆ ಪುಟ್ಟಸ್ವಾಮಯ್ಯನವರೊಡನೆ ಆ ಕಂಪನಿಯಲ್ಲಿ ಬೆಳೆದವನು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಆತ ರಾಜಕುಮಾರ್ ಎಂಬ ಹೆಸರಿನಿಂದ ನಾಯಕನಾಗಿ ಕಾಣಿಸಿಕೊಂಡ ಸಂಗತಿ ಕನ್ನಡಿಗರಿಗೆಲ್ಲ ತಿಳಿದದ್ದೇ. ಹರಿಹರನ ರಗಳೆಯಿಂದ ನಮ್ಮ ಮನೆಗಳಿಗೆ ಮೊದಲೇ ಪರಿಚಿತನಾಗಿದ್ದ ಕಣ್ಣಪ್ಪ ತೆರೆಯ ಮೇಲೆ ಬಂದಾಗ ಭಕ್ತರು ಅದನ್ನು ಚಿತ್ರವೆಂದು ನೋಡಲಿಲ್ಲ, ದರ್ಶನವೆಂದೇ ನೋಡಿದರು. ನಾವು ನೋಡಿದ್ದು ಬಹಳ ವರ್ಷಗಳ ಅನಂತರ, ಊರೂರು ತಿರುಗುವ ಟೂರಿಂಗ್ ಟಾಕೀಸಿನಲ್ಲಿ. ಮಠದ ವಿದ್ಯಾರ್ಥಿ ನಿಲಯದ ಹುಡುಗರಿಗೆ ಸಿನಿಮಾ ಎಂದರೆ ನಿಷಿದ್ಧ. ಆದರೆ ಕಣ್ಣಪ್ಪ ಬಂದನೆಂದರೆ, ಬಸವೇಶ್ವರ ಬಂದನೆಂದರೆ ಆ ನಿಷೇಧ ತಾನಾಗಿಯೇ ಸಡಿಲವಾಗುತ್ತಿತ್ತು. ಟೆಂಟಿನ ಮರಳ ಮೇಲೆ ಕುಳಿತ ಸಾಲುಸಾಲು ಹುಡುಗರು ಕಣ್ಣಪ್ಪ ಕಣ್ಣು ಕಿತ್ತುಕೊಡುವಾಗ ತಮ್ಮ ಕಣ್ಣು ಮುಚ್ಚಿಕೊಂಡದ್ದು ಇನ್ನೂ ನೆನಪಿನಲ್ಲಿದೆ.

ಆಗ ನಮ್ಮ ಕಣ್ಣಿಗೆ ಕಣ್ಣಪ್ಪನೊಬ್ಬನೇ ತುಂಬಿದ್ದ. ಈಚೆಗೆ ಮತ್ತೆ ನೋಡಿದಾಗ ಅವನ ಹೆಂಡತಿ ನೀಲೆಯಾಗಿ ನಟಿಸಿದ ಪಂಡರಿಬಾಯಿಯವರ ಮುಖದ ಮೇಲೆ ದೃಷ್ಟಿ ಹೆಚ್ಚು ಹೊತ್ತು ನಿಂತಿತು. ಗಂಡನ ಭಕ್ತಿ ದೊಡ್ಡದು, ಸಂಶಯವಿಲ್ಲ. ಆ ಭಕ್ತಿಯ ಬಿಸಿಯನ್ನು ದಿನದಿನವೂ ಮನೆಯೊಳಗೆ ತಾಳಿಕೊಂಡವಳ ಬಾಳು ಎಂತಹದು? ಕಥೆ ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಪಂಡರಿಬಾಯಿಯವರ ಮುಖ ಕೇಳುತ್ತದೆ. ನಾಯಕನ ಮಗ್ಗುಲಲ್ಲಿ ನಿಂತವರತ್ತ ಕಣ್ಣು ಹೊರಳುವ ಈ ಅಭ್ಯಾಸ ಅಲ್ಲಿಂದ ನಮಗೆ ಅಂಟಿಕೊಂಡಿತು. ಪುತ್ತೂರಿನ ಸೀಮೆಗೆ ಬಂದ ಮೇಲೆ ಅದಕ್ಕೆ ಇನ್ನಷ್ಟು ಕಸುವು ಬಂದಿತು.

ಪುತ್ತೂರಿನ ನಂಟು

ಪುತ್ತೂರಿಗೂ ಚಲನಚಿತ್ರಕ್ಕೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ಅದಕ್ಕೆ ಮುಖ್ಯ ಕಾರಣ ಡಾ. ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು ಬದುಕಿನ ಬಹುಭಾಗವನ್ನು ಕಳೆದದ್ದು ಪುತ್ತೂರಿನಲ್ಲಿ. ಪರ್ಲಡ್ಕದ ಬಾಲವನದಲ್ಲಿ ಮಕ್ಕಳ ಶಿಕ್ಷಣ, ನಾಟಕ, ಯಕ್ಷಗಾನ, ಮುದ್ರಣ, ಕಾದಂಬರಿ ಎಲ್ಲವೂ ಒಂದೇ ಅಂಗಳದ ಬೆಳೆಗಳಂತೆ ಬೆಳೆದವು. ಕನ್ನಡದಲ್ಲಿ ಮಾತಿನ ಚಿತ್ರ ಹುಟ್ಟುವುದಕ್ಕೂ ಮೊದಲೇ, 1930ರ ಆಸುಪಾಸಿನಲ್ಲಿ, ಅವರು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳ ಪ್ರಯೋಗಕ್ಕೂ ಕೈಹಾಕಿದ್ದರು. ಮುಂದೆ 1978ರಲ್ಲಿ ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಿಂದ ತೆರೆಗೆ ತಂದರು. ಘಟ್ಟದ ತಪ್ಪಲಿನ ಮಲೆಕುಡಿಯರ ಬಾಳನ್ನು ಹೇಳುವ ಕಥೆ ಅದು.

ಈ ಸೀಮೆಯ ಜನ ನಟನೆಯನ್ನು ಕಂಡದ್ದು ಸಿನಿಮಾದಿಂದಲ್ಲ. ದೀಪಾವಳಿಯ ಹೊತ್ತಿಗೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಪತ್ತನಾಜೆಯವರೆಗೆ ಗದ್ದೆಗದ್ದೆಗಳಲ್ಲಿ ರಾತ್ರಿಯಿಡೀ ಆಡುತ್ತವೆ. ಮಳೆ ಹಿಡಿದ ಮೇಲೆ ತಾಳಮದ್ದಳೆಯ ಕೂಟ ನಡೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಮಾತಿನಿಂದ ರಾವಣನಾಗಬೇಕು, ಕರ್ಣನಾಗಬೇಕು. ಇನ್ನು ಭೂತಕೋಲದಲ್ಲಿ ಕಟ್ಟುವ ವ್ಯಕ್ತಿ ತನ್ನ ಹೆಸರು ಕಳೆದುಕೊಂಡು ದೈವವೇ ಆಗಿ ನಿಲ್ಲುತ್ತಾನೆ. ಹೀಗೆ ಮನುಷ್ಯ ತನ್ನನ್ನು ತಾನು ಮರೆತು ಇನ್ನೊಬ್ಬನಾಗುವುದನ್ನು ಹುಟ್ಟಿದಂದಿನಿಂದ ನೋಡಿದ ಕಣ್ಣಿಗೆ ನಟನ ನಿಜ ಸುಳ್ಳುಗಳು ಬೇಗ ತಿಳಿಯುತ್ತವೆ.

ಇದೇ ಹವೆಯಲ್ಲಿ ಹುಟ್ಟಿದವರು ಬಿ.ವಿ. ಕಾರಂತರು. ಪುತ್ತೂರಿಗೆ ನೆರೆಯ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿ ಅವರ ಹುಟ್ಟೂರು. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಹೋಗಿ ಸೇರಿದ್ದು ಮತ್ತೆ ಅದೇ ಗುಬ್ಬಿ ಕಂಪನಿಯನ್ನು. ಹುಡುಗನ ಚುರುಕನ್ನು ಕಂಡ ವೀರಣ್ಣನವರು ಆತನನ್ನು ಓದಿಗೆಂದು ಕಾಶಿಗೆ ಕಳುಹಿಸಿಕೊಟ್ಟರು. ಅಲ್ಲಿ ಹಿಂದಿ ಸಾಹಿತ್ಯ, ಹಿಂದೂಸ್ತಾನಿ ಸಂಗೀತಗಳ ಅಭ್ಯಾಸ. ಅನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಶಿಕ್ಷಣ. 1971ರಲ್ಲಿ ಗಿರೀಶ ಕಾರ್ನಾಡರೊಡನೆ ‘ವಂಶವೃಕ್ಷ’ವನ್ನು ನಿರ್ದೇಶಿಸಿದ ಅವರು 1975ರಲ್ಲಿ ತಮ್ಮ ನೆರೆಯೂರಿನ ಹಿರಿಯರ ಕಾದಂಬರಿಯನ್ನೇ ಕೈಗೆತ್ತಿಕೊಂಡರು. ಅದು ‘ಚೋಮನ ದುಡಿ’.

ಚೋಮ

ಶಿವರಾಮ ಕಾರಂತರ ಈ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಕಥೆ ಸರಳ. ಚೋಮ ಅಸ್ಪೃಶ್ಯನೆನಿಸಿಕೊಂಡ ಜೀತಗಾರ. ಅವನ ಬಳಿ ಒಂದು ಜೊತೆ ಎತ್ತುಗಳಿವೆ. ಉಳಲು ಅಂಗೈಯಗಲ ನೆಲವಿಲ್ಲ. ಬೇಸಾಯ ಮಾಡಬೇಕೆಂಬುದೊಂದೇ ಅವನ ಬಾಳಿನ ಆಸೆ. ಹುಟ್ಟಿದ ಜಾತಿಯ ಕಾರಣಕ್ಕೆ ಆ ಆಸೆಯೇ ಅಪರಾಧವಾಗುತ್ತದೆ. ಒಡೆಯ ಸಂಕಪ್ಪಯ್ಯನ ಮನಸ್ಸು ಒಮ್ಮೆ ಕರಗಿದರೂ ಆತನ ತಾಯಿ ಅಡ್ಡ ಬರುತ್ತಾಳೆ. ಘಟ್ಟದ ಕಾಫಿ ತೋಟದ ಸಾಲ ತೀರಿಸಲು ಹೋದ ಗಂಡುಮಕ್ಕಳಲ್ಲಿ ಒಬ್ಬ ಅಲ್ಲೇ ಉಳಿದು ಬೇರೆ ಮತಕ್ಕೆ ಸೇರುತ್ತಾನೆ, ಇನ್ನೊಬ್ಬ ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದೂ ಮುಟ್ಟಿ ಎತ್ತುವವರಿರುವುದಿಲ್ಲ. ಎಲ್ಲವನ್ನೂ ಕಳೆದುಕೊಂಡ ಚೋಮ ಎತ್ತುಗಳನ್ನು ಅಟ್ಟಿ, ನೇಗಿಲನ್ನು ಮುರಿದು, ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತ ಬಾರಿಸುತ್ತ ಪ್ರಾಣ ಬಿಡುತ್ತಾನೆ.

ಚೋಮನ ಪಾತ್ರವನ್ನು ನಿರ್ವಹಿಸಿದವರು ಎಂ.ವಿ. ವಾಸುದೇವರಾವ್. ವೃತ್ತಿರಂಗಭೂಮಿಯಲ್ಲಿ ಪಳಗಿದ, ಸಿನಿಮಾದಲ್ಲಿ ಅಷ್ಟೇನೂ ಹೆಸರು ಮಾಡಿರದ ನಟ. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಎಸ್. ರಾಮಚಂದ್ರ ಅವರ ಕ್ಯಾಮೆರಾ ವಾಸುದೇವರಾಯರ ಒಣಗಿದ ಮೈಯನ್ನು, ಹೊಗೆ ಕುಡಿದ ಗುಡಿಸಲನ್ನು, ಮಳೆಯಲ್ಲಿ ನೆನೆದ ಗದ್ದೆಯನ್ನು ಒಂದೇ ಮಣ್ಣಿನಿಂದ ಮಾಡಿದಂತೆ ತೋರಿಸುತ್ತದೆ. ಒಡೆಯನ ಅಂಗಳದ ಹೊರಗೆ ನಿಂತು ನೆಲ ಬೇಡುವಾಗ ಅವರ ಬೆನ್ನು ಬಾಗುವ ಬಗೆಯನ್ನು ಗಮನಿಸಬೇಕು. ಅದು ಕಲಿಸಿ ಬರುವ ಬಾಗು ಅಲ್ಲ. ಮನೆಗೆ ಬಂದು ದುಡಿಯನ್ನು ಕೈಗೆತ್ತಿಕೊಂಡಾಗ ಅದೇ ಬೆನ್ನು ನೆಟ್ಟಗಾಗುತ್ತದೆ. ಹಗಲಿಡೀ ನುಂಗಿದ ಮಾತೆಲ್ಲ ಬೆರಳುಗಳಿಗೆ ಇಳಿದು ಚರ್ಮದ ಮೇಲೆ ಸದ್ದಾಗುತ್ತದೆ.

23ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರ ಸ್ವರ್ಣಕಮಲ ಪಡೆಯಿತು. ವಾಸುದೇವರಾಯರು ಶ್ರೇಷ್ಠ ನಟರೆಂದೂ ಶಿವರಾಮ ಕಾರಂತರ ಕಥೆ ಶ್ರೇಷ್ಠವೆಂದೂ ಗೌರವಕ್ಕೆ ಪಾತ್ರವಾದವು. 1977ರಲ್ಲಿ ಬಂಗಾಲದ ಮೃಣಾಲ್ ಸೇನ್ ಅವರು ಪ್ರೇಮಚಂದರ ಕಥೆಯನ್ನು ‘ಒಕ ಊರಿ ಕಥ’ ಎಂದು ತೆಲುಗಿನಲ್ಲಿ ಚಿತ್ರಿಸಿದಾಗ ಮುಖ್ಯ ಪಾತ್ರಕ್ಕೆ ಆರಿಸಿಕೊಂಡದ್ದು ಈ ನಮ್ಮ ಚೋಮನನ್ನೇ.

ಚಿತ್ರ ಬಂದ ಕಾಲವನ್ನೂ ನೆನೆಯಬೇಕು. ಕರ್ನಾಟಕದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನಿಗೆ ನೆಲ ಎಂಬ ಮಾತು ಹಳ್ಳಿಹಳ್ಳಿಯಲ್ಲಿ ಓಡಾಡುತ್ತಿತ್ತು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ ಎಷ್ಟೋ ಒಕ್ಕಲು ಮನೆಗಳು ನೆಲದ ಒಡೆತನ ಕಂಡವು. ಜೀತಪದ್ಧತಿಯನ್ನು ರದ್ದುಗೊಳಿಸುವ ಆಜ್ಞೆ ದೇಶದಲ್ಲಿ ಹೊರಟದ್ದು 1975ರ ಅಕ್ಟೋಬರ್‌ನಲ್ಲಿ. ಅದು ಕಾಯಿದೆಯಾದದ್ದು 1976ರಲ್ಲಿ. ಆದರೆ ಚೋಮ ಗೇಣಿದಾರನಲ್ಲ. ಉಳುವ ಹಕ್ಕೇ ಇಲ್ಲದವನು ಉಳುವವನೆಂದು ಅರ್ಜಿ ಬರೆಯುವುದು ಹೇಗೆ? ಕಾನೂನು ತಲುಪುವ ಗೆರೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದಾಚೆಗೆ ಚೋಮನ ಗುಡಿಸಲಿತ್ತು. ಆ ಕಾಲದಲ್ಲಿ ಈ ಚಿತ್ರವನ್ನು ಕಂಡ ಯುವಕರ ಎದೆಗೆ ಈ ಪ್ರಶ್ನೆ ನಾಟಿತು. ನಮ್ಮ ಎದೆಗೂ ನಾಟಿತು. ಕಾಯಕವನ್ನೇ ಪೂಜೆಯೆಂದು ಸಾರಿದ ಪರಂಪರೆಯಲ್ಲಿ ಬೆಳೆದವರಿಗೆ, ಕಾಯಕದ ಅವಕಾಶವನ್ನೇ ಮನುಷ್ಯನಿಂದ ಕಿತ್ತುಕೊಳ್ಳುವ ಕ್ರೌರ್ಯ ಎಂಥದೆಂದು ಪುಸ್ತಕದಿಂದ ತಿಳಿದದ್ದಕ್ಕಿಂತ ಹೆಚ್ಚಾಗಿ ವಾಸುದೇವರಾಯರ ಬೆನ್ನಿನಿಂದ ತಿಳಿಯಿತು.

ಬೆಳ್ಳಿ

ಪುತ್ತೂರಿನ ಒಂದು ಮನೆಯಲ್ಲಿ ಈ ಚಿತ್ರವನ್ನು ಮತ್ತೆ ನೋಡಿದೆವು. ದಾವಣಗೆರೆ ಕಡೆಯಿಂದ ಬಂದ ಕುಟುಂಬ. ಮನೆಯ ಯಜಮಾನರು, ಕಾಲೇಜು ಓದುವ ಮಗ, ಅವರ ತಾಯಿ ಇದ್ದರು. ಆ ತಾಯಿ ಮೊದಲರ್ಧವನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತೇ ನೋಡಿದರು. ಚಿತ್ರ ಮುಗಿದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತಿದ್ದೆವು. ಆಗ ಆಕೆ ಕೇಳಿದರು:

“ಗುರುಗಳೇ, ನನಗೊಂದು ಅನುಮಾನ. ಎಲ್ಲರೂ ಚೋಮನ ದುಡಿ, ಚೋಮನ ದುಡಿ ಅಂತಾರೆ. ಚೋಮ ದುಡಿ ಬಾರಿಸಿದ, ಸರಿ. ಆ ಮನೆಗೆ ದುಡಿದೋಳು ಯಾರು? ಬೆಳ್ಳಿ ತಾನೇ?”

“ಅಮ್ಮ, ದುಡಿ ಅಂದ್ರೆ ಅಲ್ಲಿ ವಾದ್ಯ” ಎಂದು ಮಗ ನಗುತ್ತ ಹೇಳಿದ.

“ಗೊತ್ತಪ್ಪ, ವಾದ್ಯ ಅಂತ ನನಗೂ ಗೊತ್ತು. ಅವನಿಗೆ ದುಃಖ ಆದಾಗ ಬಾರಿಸೋಕೆ ಅದೊಂದಿತ್ತು. ಅವಳಿಗೆ ಏನಿತ್ತು?”

ನಾವು ಉತ್ತರ ಹೇಳಲಿಲ್ಲ. ಹೇಳುವಂಥ ಉತ್ತರ ಇರಲಿಲ್ಲ. ‘ದುಡಿ’ ಎಂಬ ಒಂದೇ ಪದದಲ್ಲಿ ವಾದ್ಯವೂ ಇದೆ, ದುಡಿಮೆಯೂ ಇದೆ. ಒಂದು ಅರ್ಥದ ಒಡೆಯ ಚೋಮನಾದರೆ ಇನ್ನೊಂದರ ಒಡತಿ ಬೆಳ್ಳಿ. ನಿಘಂಟು ಬಲ್ಲವರು ಹೇಳಬಹುದಾದ ಈ ಮಾತು ಅಡಿಗೆಮನೆಯ ಬಾಗಿಲಿನಿಂದ ಬಂದಿತು.

ಬೆಳ್ಳಿಯ ಪಾತ್ರ ವಹಿಸಿದವರು ಪದ್ಮಾ ಕುಮಟಾ. ಮರುನೋಟದಲ್ಲಿ ಆಕೆಯ ಅಭಿನಯವನ್ನು ಹಿಂಬಾಲಿಸಿದರೆ ಚಿತ್ರವೇ ಬೇರೆಯಾಗಿ ಕಾಣುತ್ತದೆ. ತಾಯಿಯಿಲ್ಲದ ಮನೆಯಲ್ಲಿ ಗಂಜಿ ಬೇಯಿಸುವವಳು ಅವಳು, ತಮ್ಮಂದಿರನ್ನು ಸಂಭಾಳಿಸುವವಳು ಅವಳು, ಕುಡಿದು ಬಂದ ತಂದೆಯನ್ನು ಸಮಾಧಾನ ಮಾಡುವವಳೂ ಅವಳೇ. ಅಣ್ಣಂದಿರಿಂದ ತೀರದ ಸಾಲವನ್ನು ತೀರಿಸಲು ಕೊನೆಗೆ ತೋಟಕ್ಕೆ ಹೋಗುವವಳು ಅವಳು. ಸಾಲ ತೀರುತ್ತದೆ. ಅದಕ್ಕೆ ಅವಳು ತೆತ್ತ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯುವಂಥದಲ್ಲ. ಸಾಲ ಹರಿಯಿತೆಂದು ತಂದೆ ಹಗುರಾದಾಗ ಬೆಳ್ಳಿಯ ಮೇಲೆ ಬಿದ್ದ ಭಾರ ಅವನಿಗೆ ಕಾಣುವುದಿಲ್ಲ. ಕಂಡ ದಿನ ಅವಳನ್ನು ಮನೆಯಿಂದ ಹೊರಗೆ ಅಟ್ಟುತ್ತಾನೆ.

ಇಲ್ಲಿ ಚಿತ್ರದ ಅತ್ಯಂತ ಕಠಿಣವಾದ ಸತ್ಯವಿದೆ. ಊರು ಚೋಮನನ್ನು ಹೊರಗಿಟ್ಟಿತು. ಹೊರಗಿಟ್ಟರೆ ಏನಾಗುತ್ತದೆಂದು ಬಲ್ಲ ಚೋಮ ಮಗಳನ್ನು ಹೊರಗಿಟ್ಟ. ಅತ್ತ ಸಂಕಪ್ಪಯ್ಯನ ಮನೆಯಲ್ಲಿ ನೆಲ ಕೊಡಬಾರದೆಂದು ತಡೆದವಳೂ ಒಬ್ಬ ಹೆಣ್ಣೇ. ಹೀಗಾಗಿ ಹೆಣ್ಣೆಲ್ಲ ಒಳ್ಳೆಯದು, ಗಂಡೆಲ್ಲ ಕೆಟ್ಟದ್ದು ಎಂಬ ಸುಲಭದ ತೀರ್ಮಾನಕ್ಕೆ ಕಾರಂತರಿಬ್ಬರೂ ಎಡೆಗೊಡುವುದಿಲ್ಲ. ಸಿರಿವಂತರ ಮನೆಯಲ್ಲಾಗಲಿ ಬಡವನ ಗುಡಿಸಲಿನಲ್ಲಾಗಲಿ, ಮೇಲಿನವನು ಕೊಟ್ಟ ಪೆಟ್ಟನ್ನು ಕೆಳಗಿನವರಿಗೆ ದಾಟಿಸುವ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲಿನ ಕೊನೆಯಲ್ಲಿ ನಿಂತವಳು ಬೆಳ್ಳಿ. ಕೊಟ್ಟ ಪೆಟ್ಟನ್ನು ಮುಂದಕ್ಕೆ ದಾಟಿಸಲು ಅವಳ ಹಿಂದೆ ಯಾರೂ ಇಲ್ಲ.

ಬೆಟ್ಟದ ತಪ್ಪಲಿನ ಮನೆ

ಪುತ್ತೂರಿನಿಂದ ಸುಳ್ಯದ ಕಡೆಗೆ, ಅಲ್ಲಿಂದ ಸುಬ್ರಹ್ಮಣ್ಯದ ಕಡೆಗೆ ಹೋದಂತೆ ಗದ್ದೆ ಕಡಿಮೆಯಾಗಿ ಅಡಿಕೆ ತೋಟ ಹೆಚ್ಚಾಗುತ್ತದೆ. ತೋಟದ ಹಿಂದೆ ಕಾಡು, ಕಾಡಿನ ಹಿಂದೆ ಕುಮಾರಪರ್ವತ. ಸುಳ್ಯ ಒಂದು ಕಾಲದಲ್ಲಿ ಪುತ್ತೂರು ತಾಲ್ಲೂಕಿಗೇ ಸೇರಿದ್ದಿತು. ಈಚೆಗೆ ಎರಡರ ಭಾಗಗಳನ್ನೂ ಕೂಡಿಸಿ ಕಡಬ ತಾಲ್ಲೂಕು ಆಗಿ, ಸುಬ್ರಹ್ಮಣ್ಯ ಅದಕ್ಕೆ ಸೇರಿದೆ. ಗಡಿಗಳು ಬದಲಾದರೂ ಬೆಟ್ಟ ಅಲ್ಲೇ ಇದೆ. ಈ ಬೆಟ್ಟದ ನೆರಳಿನಲ್ಲಿ ನಡೆಯುವ ಕಥೆ ಶಿವರಾಮ ಕಾರಂತರ ‘ಬೆಟ್ಟದ ಜೀವ’. ಕಾದಂಬರಿ ಬಂದದ್ದು 1943ರಲ್ಲಿ. ಪಿ. ಶೇಷಾದ್ರಿಯವರು ಅದನ್ನು ಚಿತ್ರವಾಗಿಸಿದರು. 58ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಶ್ರೇಷ್ಠ ಚಿತ್ರವೆಂಬ ಮನ್ನಣೆ ಪಡೆದು 2011ರಲ್ಲಿ ಅದು ತೆರೆಕಂಡಿತು.

ದಾರಿ ತಪ್ಪಿದ ಪ್ರಯಾಣಿಕನೊಬ್ಬ ಕಾಡಿನ ನಡುವಿನ ಮನೆಯೊಂದಕ್ಕೆ ಬರುತ್ತಾನೆ. ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳು ಅವನನ್ನು ಮಗನಂತೆ ಉಪಚರಿಸುತ್ತಾರೆ. ಮಗನಂತೆ ಎಂಬುದು ಇಲ್ಲಿ ಬರಿಯ ಉಪಮೆಯಲ್ಲ, ಗಾಯ. ಅವರ ಸ್ವಂತ ಮಗ ಶಂಭು ಮನೆ ಬಿಟ್ಟು ಹೋದವನು ತಿರುಗಿ ಬಂದಿಲ್ಲ. ಕಾಡು ಕಡಿದು ತೋಟ ಮಾಡಿದ, ಹುಲಿಗೆ ಅಂಜದ ಗೋಪಾಲಯ್ಯ ಅತಿಥಿಯ ಮುಂದೆ ನಗುತ್ತಾನೆ, ಹಾಸ್ಯ ಮಾಡುತ್ತಾನೆ, ತೋಟ ಸುತ್ತಿಸುತ್ತಾನೆ. ಎಚ್.ಜಿ. ದತ್ತಾತ್ರೇಯ ಅವರು ಈ ಪಾತ್ರಕ್ಕೆ ಕೊಟ್ಟ ಜೀವ ಬಹುಕಾಲ ನಿಲ್ಲುವಂಥದು. ವಾಯುಸೇನೆಯಲ್ಲಿ ಅಧಿಕಾರಿಯಾಗಿ ದುಡಿದು, ನಡುವಯಸ್ಸು ದಾಟಿದ ಮೇಲೆ ಚಿತ್ರರಂಗಕ್ಕೆ ಬಂದ ಈ ಹಿರಿಯ ನಟರನ್ನು ಕನ್ನಡಿಗರು ಪ್ರೀತಿಯಿಂದ ದತ್ತಣ್ಣ ಎನ್ನುತ್ತಾರೆ. ಅವರ ಗೋಪಾಲಯ್ಯನ ನಗೆಯಲ್ಲಿ ಸ್ವಲ್ಪವೂ ಕೃತಕತೆಯಿಲ್ಲ. ಹಾಗಿರುವುದರಿಂದಲೇ ಅದನ್ನು ನೋಡುವಾಗ ಗಂಟಲು ಕಟ್ಟುತ್ತದೆ.

ಗಂಡನ ನಗೆಯ ಹಿಂದೆ ಏನಿದೆಯೆಂದು ಅತಿಥಿಗೆ ತಿಳಿಸುವವಳು ಶಂಕರಮ್ಮ. ಮೈಸೂರಿನ ರಂಗಭೂಮಿಯ ಹಿರಿಯರಾದ ರಾಮೇಶ್ವರಿ ವರ್ಮ ಅವರು ಆ ಪಾತ್ರ ವಹಿಸಿದ್ದಾರೆ. ಆಕೆ ಅಳುವುದು ಕಡಿಮೆ. ಬಡಿಸುತ್ತಾಳೆ, ಬಿಸಿನೀರು ಕಾಸುತ್ತಾಳೆ, ಹಾಸಿಗೆ ಹಾಸುತ್ತಾಳೆ. ಇವುಗಳ ನಡುವೆ ಸಿಕ್ಕಿದ ಬಿಡುವಿನಲ್ಲಿ ಒಂದೆರಡು ಮಾತು ಆಡುತ್ತಾಳೆ. ಸಾಕಿಕೊಂಡ ನಾರಾಯಣ, ಅವನ ಹೆಂಡತಿ ಲಕ್ಷ್ಮಿ, ಅವರ ಮಕ್ಕಳು ಹತ್ತಿರದಲ್ಲಿದ್ದಾರೆಂಬುದೇ ಮುದುಕರಿಗೆ ಆಸರೆ. ಅವರೂ ಬೇರೆಡೆಗೆ ಹೋದಾರೆಂಬ ಅಂಜಿಕೆ ಮನೆಯ ತೊಲೆಯಲ್ಲಿ ಗೆದ್ದಲಿನಂತೆ ಕುಳಿತಿದೆ. ಗೋಪಾಲಯ್ಯನಿಗೆ ದುಃಖ ಮರೆಯಲು ಕಾಡಿದೆ, ತೋಟವಿದೆ, ಹುಲಿಯಿದೆ. ಶಂಕರಮ್ಮನಿಗೆ ಇರುವುದು ಮಗ ಉಂಡ ಅದೇ ಅಡಿಗೆಮನೆ. ಚೋಮನಿಗೆ ದುಡಿಯಿತ್ತು, ಬೆಳ್ಳಿಗೆ ಏನಿತ್ತು ಎಂದ ಆ ತಾಯಿಯ ಮಾತು ಇಲ್ಲಿಗೂ ಹೊಂದುತ್ತದೆ.

ಸುಳ್ಯದ ಕಡೆಯ ತೋಟದ ಮನೆಗಳಲ್ಲಿ ಈ ಚಿತ್ರದ ಮಾತು ಬಂದಾಗ ಹಿರಿಯರು ಮೌನವಾಗುವುದನ್ನು ಕಂಡಿದ್ದೇವೆ. ಅಡಿಕೆಗೆ ಹಳದಿ ರೋಗ ಹತ್ತಿದ ತೋಟಗಳು ಸಂಪಾಜೆಯ ಆಸುಪಾಸಿನಲ್ಲಿ ಸೊರಗಿ ನಿಂತಿವೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲವೇ ಸಮುದ್ರದಾಚೆ ಇದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು. ಎಷ್ಟೋ ಕಡೆ ಒಬ್ಬರೇ. ಅಂದಿನ ಶಂಭು ಓಲೆ ಬರೆಯಲಿಲ್ಲ. ಇಂದಿನ ಮಕ್ಕಳು ವಾರಕ್ಕೊಮ್ಮೆ ಮುಖ ತೋರಿಸಿ ಮಾತಾಡುತ್ತಾರೆ, ಹಬ್ಬಕ್ಕೆ ಹಣ ಕಳಿಸುತ್ತಾರೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ನೌಕರಿ ಇದ್ದಲ್ಲಿಗೆ ಹೋಗಲೇಬೇಕಾದ ಕಾಲ ಇದು. ಈ ಸೀಮೆಗೆ ಬಂದು ನೆಲೆಸಿದ ನಮ್ಮವರ ತಂದೆತಾಯಿಗಳೂ ದೂರದ ಊರುಗಳಲ್ಲಿ ಹೀಗೆಯೇ ಕಾಯುತ್ತಿದ್ದಾರೆ. ಮುಖ ಕಾಣುವುದಕ್ಕೂ ಮೈ ಸೋಕುವುದಕ್ಕೂ ಇರುವ ಅಂತರ ಏನೆಂಬುದು ಶಂಕರಮ್ಮನನ್ನು ನೋಡಿದವರಿಗೆ ತಿಳಿಯುತ್ತದೆ. ಮನೆಗೆ ಬಂದ ಅಪರಿಚಿತನಿಗೆ ಆಕೆ ಬಡಿಸುವ ಪ್ರತಿಯೊಂದು ತುತ್ತೂ ಬಾರದ ಮಗನಿಗೆ ಸಲ್ಲಬೇಕಾದದ್ದು.

ದೇಯಿ ಮತ್ತು ಮೂಕಜ್ಜಿ

ಈ ಮೂರೂ ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುವ ಹಳೆಯ ಕಥೆಯೊಂದಿದೆ, ಕೋಟಿ ಚೆನ್ನಯರದು. ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿ, ಪಂಜದ 길 ಹಿಡಿದು, ಎಣ್ಮೂರಿನಲ್ಲಿ ಕೊನೆಯುಸಿರೆಳೆದ ಅವಳಿ ವೀರರನ್ನು ತುಳುನಾಡು ಗರಡಿಗಳಲ್ಲಿ ಇಂದಿಗೂ ಪೂಜಿಸುತ್ತದೆ. ಪಾಡ್ದನದಲ್ಲಿ ಉಳಿದು ಬಂದ ಈ ಕಥೆಯನ್ನು ವಿಶುಕುಮಾರ್ ಅವರು 1973ರಲ್ಲಿ ‘ಕೋಟಿ ಚೆನ್ನಯ’ ಎಂಬ ತುಳು ಚಿತ್ರವಾಗಿಸಿದರು. ವೀರರ ಕಥೆಯೆಂದು ಎಲ್ಲರೂ ನೆನೆಯುತ್ತಾರೆ. ಆ ಕಥೆ ಮೊದಲಾಗುವುದು ಅವರ ತಾಯಿ ದೇಯಿ ಬೈದೆತಿಯಿಂದ. ಪಡುಮಲೆಯ ಬಲ್ಲಾಳನ ವಾಸಿಯಾಗದ ಗಾಯವನ್ನು ಗಿಡಮೂಲಿಕೆಯಿಂದ ಗುಣಪಡಿಸಿದ ವೈದ್ಯೆ ಅವಳು. ಅರಸನ ಪ್ರಾಣ ಉಳಿಸಿದವಳು ಮಕ್ಕಳು ದೊಡ್ಡವರಾಗುವುದನ್ನು ನೋಡಲು ಉಳಿಯಲಿಲ್ಲ. ಮಕ್ಕಳ ಕತ್ತಿ ಎಲ್ಲರಿಗೂ ನೆನಪಿದೆ, ತಾಯಿಯ ಮದ್ದು ಕೆಲವರಿಗಷ್ಟೇ.

ಹೀಗೆ ಮಗ್ಗುಲಲ್ಲೇ ನಿಲ್ಲುತ್ತ ಬಂದ ಹೆಣ್ಣು ತೆರೆಯ ನಡುವೆ ಬಂದು ಕುಳಿತದ್ದನ್ನೂ ನಾವು ಕಂಡೆವು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರ ಕಾದಂಬರಿ, 1977ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದುಕೊಟ್ಟ ಕೃತಿ. ಪಿ. ಶೇಷಾದ್ರಿಯವರೇ ಅದನ್ನು 2019ರಲ್ಲಿ ತೆರೆಗೆ ತಂದರು. ಬಾಲ್ಯದಲ್ಲೇ ವಿಧವೆಯಾದ, ಊರ ಬಾಯಿಗೆ ಮೂಕಜ್ಜಿಯಾದ ಮುದುಕಿ ಮೊಮ್ಮಗ ಸುಬ್ಬರಾಯನಿಗೆ ಕಾಲದ ಹಿಂದಿನದನ್ನೆಲ್ಲ ಕಂಡಂತೆ ಹೇಳುತ್ತಾಳೆ. ಪಂಡಿತರು ಗ್ರಂಥ ತೆರೆದು ಹುಡುಕುವುದನ್ನು ಆಕೆ ಒಂದು ಕಲ್ಲನ್ನೋ ಮೂಳೆಯನ್ನೋ ಮುಟ್ಟಿ ಕಾಣುತ್ತಾಳೆ. ಮೂಕಜ್ಜಿಯಾಗಿ ನಟಿಸಿದವರು ಬಿ. ಜಯಶ್ರೀ. ಗುಬ್ಬಿ ವೀರಣ್ಣನವರ ಮೊಮ್ಮಗಳು. ‘ಬೇಡರ ಕಣ್ಣಪ್ಪ’ನ ರಾಜಕುಮಾರರನ್ನೂ ‘ಚೋಮನ ದುಡಿ’ಯ ಬಿ.ವಿ. ಕಾರಂತರನ್ನೂ ಸಾಕಿದ ಬಿಡಾರದ ಕುಡಿಯೇ ಈ ಅಜ್ಜಿಯ ಬಾಯಿ ತೆರೆಸಿತು. ಮನೆಯ ಮೂಲೆಯ ಮುದುಕಿಯನ್ನು ಕಥೆಯ ನಡುವೆ ಕೂರಿಸಿ ಕೇಳುವುದಕ್ಕೆ ಕನ್ನಡ ಚಿತ್ರರಂಗಕ್ಕೆ ಅಷ್ಟು ಕಾಲ ಬೇಕಾಯಿತು.

ನಮ್ಮ ಮನೆಗಳಿಗೆ ಇದರಿಂದೇನು?

ಹಳೆಯ ಚಿತ್ರಗಳ ಪ್ರೀತಿಯನ್ನು ಹಳೆಯ ಕಾಲದ ಹಂಬಲವೆಂದು ಕೆಲವರು ತಳ್ಳಿಹಾಕುತ್ತಾರೆ. ಟೂರಿಂಗ್ ಟಾಕೀಸಿನ ಮರಳು, ನಾಲ್ಕಾಣೆಯ ಟಿಕೆಟು, ರೀಲು ಬದಲಿಸುವಾಗಿನ ಕೂಗಾಟ, ಇವನ್ನಷ್ಟೇ ನೆನೆದು ನಿಟ್ಟುಸಿರು ಬಿಡುವುದಾದರೆ ಆ ಮಾತು ನಿಜ. ಮರುನೋಟದ ಫಲ ಬೇರೆ. ವಾಸುದೇವರಾಯರು, ದತ್ತಣ್ಣ, ಪದ್ಮಾ ಕುಮಟಾ, ರಾಮೇಶ್ವರಿ ವರ್ಮ, ಜಯಶ್ರೀ ಮುಂತಾದವರು ತಮ್ಮನ್ನು ಮರೆತು ಇನ್ನೊಬ್ಬರಾದದ್ದು ನೋಡುವವರೂ ಒಂದು ಗಳಿಗೆ ಇನ್ನೊಬ್ಬರಾಗಲೆಂದು. ಚೋಮನಿಗಾಗಿ ಕಣ್ಣೀರಿಟ್ಟವರು ತಮ್ಮ ಹೊಲದಲ್ಲಿ, ಮನೆಯಲ್ಲಿ ದುಡಿಯುವವರನ್ನು ಯಾವ ತಟ್ಟೆಯಲ್ಲಿ, ಯಾವ ಜಾಗದಲ್ಲಿ ಉಣಲಿಕ್ಕುತ್ತಿದ್ದೇವೆಂದು ನೋಡಿಕೊಳ್ಳದಿದ್ದರೆ ಆ ಕಣ್ಣೀರು ಟಿಕೆಟಿನ ಬೆಲೆಗೆ ಸಿಕ್ಕಿದ ಸುಖವಷ್ಟೇ ಆಗುತ್ತದೆ.

ನಮ್ಮ ಪರಂಪರೆಯಲ್ಲಿ ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬಾರೆಂದು ಎಚ್ಚರಿಸಿದ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಅವಳನ್ನು ಮಾರಯ್ಯನ ಮಗ್ಗುಲಲ್ಲಿ ನಿಲ್ಲಿಸಿ ಮರೆಯದೆ, ಅವಳ ಮಾತಿಗೂ ಅನುಭವ ಮಂಟಪದಲ್ಲಿ ಕಿವಿಗೊಟ್ಟರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕಿವಿ ಇಂದಿನ ನಮ್ಮ ಮನೆಗಳಲ್ಲಿ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ಒಂದು ಹಳೆಯ ಚಿತ್ರ ಪರೀಕ್ಷಿಸಿ ತೋರಿಸಬಲ್ಲದು. ಬೆಳ್ಳಿಯ ಬಗ್ಗೆ ಮನೆಯ ಹೆಣ್ಣುಮಕ್ಕಳು ಏನು ಹೇಳುತ್ತಾರೆ? ಶಂಕರಮ್ಮನ ಬಗ್ಗೆ ಅಜ್ಜಿ ಏನು ಹೇಳುತ್ತಾರೆ? ಕೇಳಿ ನೋಡಬೇಕು. ಕೇಳಿದ ಮೇಲೆ ನಡುವೆ ಬಾಯಿ ಹಾಕದೆ ಆಲಿಸಬೇಕು.

ಇಂದು ಚಿತ್ರ ನೋಡಲು ಗಾಡಿ ಕಟ್ಟಿಕೊಂಡು ಊರಿಂದೂರಿಗೆ ಹೋಗಬೇಕಾಗಿಲ್ಲ. ಆದರೆ ಒಂದೇ ಸೂರಿನಡಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ, ಅಂಗೈಯಗಲದ ಗಾಜಿನಲ್ಲಿ ಒಂದೊಂದು ಚಿತ್ರ ನೋಡುತ್ತಿರುತ್ತಾರೆ. ತಿಂಗಳಿಗೊಂದು ಸಂಜೆಯನ್ನಾದರೂ ಎಲ್ಲರೂ ಕೂಡಿ ಇಂಥ ಒಂದು ಚಿತ್ರಕ್ಕೆ ಮೀಸಲಿಡಬಹುದು. ಅಂದು ಅಡಿಗೆ ಸಂಕ್ಷೇಪವಾಗಿರಲಿ, ಪಾತ್ರೆ ತೊಳೆಯುವ ಕೆಲಸವನ್ನು ಗಂಡುಮಕ್ಕಳೂ ಹಂಚಿಕೊಳ್ಳಲಿ. ಅಡಿಗೆಮನೆಯ ದೀಪ ಮೊದಲು ಆರಲಿ. ಅಲ್ಲಿದ್ದವರು ಬಂದು ಎಲ್ಲರ ನಡುವೆ ಕುಳಿತ ಮೇಲೆ ಚಿತ್ರ ಆರಂಭವಾಗಲಿ.